ಹತ್ಯಾಕಾಂಡದ ನಿಧಾನಗತಿಯ ಚಿತ್ರ ಪ್ರೇಕ್ಷಕರನ್ನು ತಲುಪಬೇಕಾದರೆ: ಪ್ರದರ್ಶನ ಏರ್ಪಡಿಸುವವರಿಗೊಂದು ಕೈಪಿಡಿ

ನರಮೇಧ, ಯಾತನಾ ಶಿಬಿರ, ಸಾಮೂಹಿಕ ಹತ್ಯೆಯ ಬಗ್ಗೆ ಮಾಡಿದ, ಉದ್ದುದ್ದ ಶಾಟ್‌ಗಳಲ್ಲಿ ಅವಸರವಿಲ್ಲದೆ ಸಾಗುವ ನಿಧಾನಗತಿಯ ಚಿತ್ರ ತೋರಿಸುವಾಗ ನಡುವೆ ಜನ ಎದ್ದು ಹೋದರೆ ಸಂಘಟಕರು ತಕ್ಷಣ ತೀರ್ಪು ಕೊಟ್ಟುಬಿಡುತ್ತಾರೆ: ಒಂದೋ ಜನರಿಗೆ ತಾಳ್ಮೆ ಇಲ್ಲ, ಇಲ್ಲವೇ ಚಿತ್ರ ಸಾಮಾನ್ಯರಿಗಾಗಿ ಮಾಡಿದ್ದಲ್ಲ. ಎರಡೂ ಅವಸರದ ಮಾತು. ಎದ್ದು ಹೋಗುವವರಲ್ಲಿ ಅನೇಕರಿಗೆ ಚಿತ್ರ ಇನ್ನೆಷ್ಟು ಹೊತ್ತು ಇದೆ ಎಂದು ಗೊತ್ತಿರುವುದಿಲ್ಲ, ಸಬ್‌ಟೈಟಲ್ ಓದಲು ಆಗಿರುವುದಿಲ್ಲ, ಪರದೆಯ ಮೇಲಿನ ಕತ್ತಲಲ್ಲಿ ಏನೂ ಕಂಡಿರುವುದಿಲ್ಲ, ಯಾವ ದೇಶದಲ್ಲಿ ಯಾರು ಯಾರನ್ನು ಕೊಂದರು ಎಂಬ ಮೂಲ ಸಂಗತಿಯೇ ತಿಳಿದಿರುವುದಿಲ್ಲ. ಇವೆಲ್ಲ ಪ್ರದರ್ಶಕರ ಕೈಯಲ್ಲಿರುವ ವಿಷಯಗಳು. ನಿಧಾನಗತಿ ತಾನಾಗಿಯೇ ಅಡ್ಡಿಯಲ್ಲ. ಸಿದ್ಧತೆಯಿಲ್ಲದೆ ತೋರಿಸಿದಾಗ ಅದು ಅಡ್ಡಿಯಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಇಂಡೋನೇಷ್ಯಾದ್ದು. 1965–66ರ ಸಾಮೂಹಿಕ ಹತ್ಯೆಗಳ ಬಗ್ಗೆ ಜೋಶುವಾ ಓಪನ್‌ಹೈಮರ್ ಮಾಡಿದ 'ದಿ ಆಕ್ಟ್ ಆಫ್ ಕಿಲ್ಲಿಂಗ್' (2012) ಹೊರದೇಶಗಳ ಚಿತ್ರಮಂದಿರಗಳಲ್ಲಿ ಹೆಚ್ಚಾಗಿ ಸುಮಾರು ಎರಡು ಗಂಟೆಯ ಆವೃತ್ತಿಯಲ್ಲಿ ಓಡಿತು. ಆ ಹತ್ಯೆಗಳ ನೆಲದಲ್ಲೇ ಜನ ನೋಡಿದ್ದು ಎರಡೂವರೆ ಗಂಟೆ ಮೀರಿದ ದೀರ್ಘ ಆವೃತ್ತಿಯನ್ನು. ಅಲ್ಲಿ ಅದು ಮೊದಲು ಆಹ್ವಾನಿತರ ಸಣ್ಣ ಕೂಟಗಳಲ್ಲಿ ಹರಡಿತು, ಆಮೇಲೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯಿತು. ಯಾರಿಗೆ ಆ ಚಿತ್ರ ಅತ್ಯಂತ ಅಗತ್ಯವಾಗಿತ್ತೋ ಅವರಿಗೆ ಉದ್ದ ಭಾರವಾಗಲಿಲ್ಲ. ತಮ್ಮವರ ನಡುವೆ, ತಮಗೆ ಗೊತ್ತಿರುವ ಜಾಗದಲ್ಲಿ, ಮಾತಾಡಲು ಅವಕಾಶ ಇಟ್ಟುಕೊಂಡು ಅವರು ನೋಡಿದರು.

ಮೊದಲು ನೀವು ಎರಡು ಸಲ ನೋಡಿ

ಚಿತ್ರವನ್ನು ಆರಿಸುವ ಮುನ್ನ ಒಮ್ಮೆ ಇಡಿಯಾಗಿ ನೋಡಿ, ನಿಲ್ಲಿಸದೆ. ಎರಡನೇ ಸಲ ಗಡಿಯಾರ ಮತ್ತು ನೋಟ್‌ಬುಕ್ ಜತೆ ಕೂರಿ. ಮೂರು ಕಾಲಂ ಸಾಕು: ಸಮಯ, ತೆರೆಯ ಮೇಲೆ ಏನಾಗುತ್ತಿದೆ, ಪ್ರೇಕ್ಷಕರಿಗೆ ಎಲ್ಲಿ ತೊಡಕಾಗಬಹುದು. ಈ ಪಟ್ಟಿಯೇ ಮುಂದೆ ಪ್ರೊಜೆಕ್ಷನ್ ಮಾಡುವವರಿಗೆ, ಮುನ್ನುಡಿ ಹೇಳುವವರಿಗೆ, ಸಂವಾದ ನಡೆಸುವವರಿಗೆ ಬೇಕಾಗುತ್ತದೆ.

ಉದಾಹರಣೆಗೆ ಜೊನಾಥನ್ ಗ್ಲೇಜರ್ ಅವರ 'ದಿ ಜೋನ್ ಆಫ್ ಇಂಟರೆಸ್ಟ್' (2023). ನಾತ್ಸಿಗಳ ಆಶ್ವಿಟ್ಸ್ ಶಿಬಿರದ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಶಿಬಿರದ ಕಮಾಂಡೆಂಟ್‌ನ ಕುಟುಂಬ ನಡೆಸುವ ದಿನಚರಿ ಅದರ ವಸ್ತು. ಹೆಸರು ಬಂದ ಮೇಲೆ ಪರದೆ ಕಪ್ಪಾಗಿ ಬಹಳ ಹೊತ್ತು ಧ್ವನಿ ಮಾತ್ರ ಕೇಳುತ್ತದೆ. ನಡುವೆ ಒಮ್ಮೆ ಹೂಗಳ ಸಮೀಪಚಿತ್ರಗಳ ನಂತರ ಇಡೀ ಪರದೆ ಕೆಂಪಾಗುತ್ತದೆ. ರಾತ್ರಿಯ ಕೆಲವು ದೃಶ್ಯಗಳನ್ನು ಶಾಖವನ್ನು ಗ್ರಹಿಸುವ ಥರ್ಮಲ್ ಕ್ಯಾಮೆರಾದಲ್ಲಿ ತೆಗೆದಿರುವುದರಿಂದ ನೆಗೆಟಿವ್‌ನಂತೆ ಕಾಣುತ್ತವೆ. ಮೊದಲೇ ಹೇಳಿರದಿದ್ದರೆ ಪ್ರೊಜೆಕ್ಟರ್ ಬಳಿ ಇರುವವರು ಈ ಮೂರನ್ನೂ ಯಂತ್ರದ ದೋಷ ಎಂದುಕೊಳ್ಳುತ್ತಾರೆ. ಕಪ್ಪು ಪರದೆಯ ಹೊತ್ತಲ್ಲಿ ಯಾರೋ ದೀಪ ಹಾಕಿಬಿಟ್ಟರೆ ಪ್ರೇಕ್ಷಕರನ್ನು ಕಿವಿಯ ಕಡೆ ತಿರುಗಿಸುವ ಆ ಆರಂಭವೇ ಹಾಳು.

ಎರಡನೇ ವೀಕ್ಷಣೆಯಲ್ಲಿ ನಿಧಾನಗತಿಯನ್ನೂ ಪರೀಕ್ಷಿಸಿ. ಚಿತ್ರದ ಅತಿ ಉದ್ದದ ಶಾಟ್ ಒಂದನ್ನು ಆರಿಸಿಕೊಂಡು ಕೇಳಿಕೊಳ್ಳಿ: ಶಾಟ್ ಮುಗಿಯುವಾಗ ನನಗೆ ಗೊತ್ತಾಗಿರುವುದು ಶಾಟ್ ಶುರುವಾದಾಗ ಗೊತ್ತಿತ್ತೇ? ಗೊತ್ತಿತ್ತು ಎಂದಾದರೆ ಆ ನಿಧಾನ ಬರೀ ಅಲಂಕಾರ. ಇಂಥ ಚಿತ್ರಗಳಿವೆ, ವಿಷಯದ ಗಾಂಭೀರ್ಯವನ್ನು ಎರವಲು ಪಡೆದು ಮಂಜು ಮುಸುಕಿದ ಬಯಲನ್ನು ಸುಮ್ಮನೆ ತೋರಿಸುತ್ತಾ ಹೋಗುತ್ತವೆ. ಅವನ್ನು ಬಿಡಲು ಹಿಂಜರಿಯಬೇಡಿ. ಸತ್ತವರ ಮೇಲಿನ ಗೌರವ ಬೇರೆ, ಚಿತ್ರದ ಮೇಲಿನ ಗೌರವ ಬೇರೆ.

ನಿಧಾನ ಕೆಲಸ ಮಾಡುವುದು ಹೇಗೆಂದು ನೋಡಬೇಕಾದರೆ ರಿಥಿ ಪಾನ್ ಅವರ 'ಎಸ್-21: ದಿ ಖ್ಮೇರ್ ರೂಜ್ ಕಿಲ್ಲಿಂಗ್ ಮಷಿನ್' (2003) ಚಿತ್ರದ ಒಂದು ದೃಶ್ಯ ಸಾಕು. ಕಾಂಬೋಡಿಯಾದ ನಾಮ್ ಪೆನ್ಹ್‌ನಲ್ಲಿ ಮೊದಲು ಶಾಲೆಯಾಗಿದ್ದು ಆಮೇಲೆ ಖ್ಮೇರ್ ರೂಜ್ ಆಡಳಿತದಲ್ಲಿ ಎಸ್-21 ಎಂಬ ಸೆರೆಮನೆಯಾದ ಟುವೋಲ್ ಸ್ಲೆಂಗ್‌ನ ಖಾಲಿ ಕೋಣೆ. ಅಲ್ಲಿ ಕಾವಲು ಕಾಯುತ್ತಿದ್ದವನೇ ತನ್ನ ಅಂದಿನ ಕೆಲಸವನ್ನು ಮಾಡಿ ತೋರಿಸುತ್ತಾನೆ: ಬೀಗ ತೆಗೆಯುವುದು, ಇಲ್ಲದ ಕೈದಿಗಳ ಮೇಲೆ ಕಿರುಚುವುದು, ಡಬ್ಬಿ ತಂದಿಡುವುದು, ಮತ್ತೆ ಬೀಗ ಹಾಕುವುದು. ಮೊದಲ ನಿಮಿಷದಲ್ಲಿ ಅದು ಅಭಿನಯದಂತೆ ಕಾಣುತ್ತದೆ. ಹೊತ್ತು ಹೋದಂತೆ ಅವನ ಕೈಕಾಲುಗಳಿಗೆ ಎಲ್ಲವೂ ನೆನಪಿದೆ ಎಂಬುದು ಕಾಣತೊಡಗುತ್ತದೆ. ದನಿ ಬದಲಾಗುತ್ತದೆ, ಅವನು ಎದುರಿಗಿರುವ ಕ್ಯಾಮೆರಾವನ್ನು ಮರೆತಿದ್ದಾನೆ. ಅವನು ಒಳಗೆ ಹೋದರೂ ಕ್ಯಾಮೆರಾ ಹೊಸ್ತಿಲಲ್ಲೇ ನಿಲ್ಲುತ್ತದೆ. ಒಳಗೆ ಹೋದರೆ ಮಲಗಿರುವ ಕೈದಿಗಳನ್ನು ತುಳಿದಂತಾಗುತ್ತದೆ ಎಂಬ ಭಾವ ನೋಡುವವರಲ್ಲೂ ಮೂಡುತ್ತದೆ. ಇದನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿದರೆ ಉಳಿಯುವುದು ಬರೀ ಮಾಹಿತಿ.

ಯಾರಿಗಾಗಿ ತೋರಿಸುತ್ತಿದ್ದೀರಿ

ಒಂದೇ ಚಿತ್ರ ಎಲ್ಲರಿಗೂ ಎಂದು ಹೊರಟಾಗ ತೊಂದರೆ ಶುರು. ಸಿನಿಮಾ ಆಸಕ್ತರು ಉದ್ದವನ್ನು ಸಹಿಸುತ್ತಾರೆ, ಆದರೆ ಇತಿಹಾಸ ತಿಳಿಯದೆ ಶಾಟ್‌ಗಳ ಚೆಲುವನ್ನಷ್ಟೇ ನೋಡಿಕೊಂಡು ಹೋಗುವ ಅಪಾಯವಿದೆ. ಆ ಇತಿಹಾಸಕ್ಕೆ ಸೇರಿದ ಕುಟುಂಬದವರಿಗೆ ಹಿನ್ನೆಲೆ ಬೇಕಿಲ್ಲ, ಹೊರಗೆ ಹೋಗಿ ಬರುವ ಸ್ವಾತಂತ್ರ್ಯ ಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ತಾವಾಗಿ ಬಂದಿರುವುದಿಲ್ಲ, ಯಾರೋ ಕರೆತಂದಿರುತ್ತಾರೆ. ಅವರ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕು. 1994ರ ಜನವರಿಯಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 'ಶಿಂಡ್ಲರ್ಸ್ ಲಿಸ್ಟ್' ನೋಡಲು ಕರೆತಂದಿದ್ದ ಶಾಲಾ ಮಕ್ಕಳಲ್ಲಿ ಕೆಲವರು ಕೊಲೆಯ ದೃಶ್ಯವೊಂದಕ್ಕೆ ನಕ್ಕರು. ಚಿತ್ರ ನಿಲ್ಲಿಸಿ ಇಡೀ ಗುಂಪನ್ನು ಹೊರಗೆ ಕಳಿಸಲಾಯಿತು. ಅದು ನಿಧಾನಗತಿಯ ಚಿತ್ರವೂ ಅಲ್ಲ. ಸಿದ್ಧತೆಯಿಲ್ಲದ ಹದಿಹರೆಯದವರು ಕತ್ತಲಲ್ಲಿ ಭಯಾನಕವಾದದ್ದನ್ನು ಕಂಡಾಗ ನಗು ಬರಬಹುದು, ಅದು ಅವಮಾನವೇ ಆಗಿರಬೇಕಿಲ್ಲ.

ವಿದ್ಯಾರ್ಥಿಗಳಿಗೆ ಮೊದಲ ಚಿತ್ರ ಗಿಡ್ಡದಿರಲಿ. ಅಲನ್ ರೆನೆ ಅವರ 'ನೈಟ್ ಅಂಡ್ ಫಾಗ್' (1956) ಕೇವಲ 32 ನಿಮಿಷ. ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷವಾದ ಮೇಲಿನ ನಾತ್ಸಿ ಶಿಬಿರಗಳು ಬಣ್ಣದಲ್ಲಿ, ಹುಲ್ಲು ಬೆಳೆದ ನೆಲದ ಮೇಲೆ ನಿಧಾನವಾಗಿ ಸರಿಯುವ ಟ್ರ್ಯಾಕಿಂಗ್ ಶಾಟ್‌ಗಳಲ್ಲಿ ಬರುತ್ತವೆ. ಹಳೆಯ ದಾಖಲೆಗಳು ಕಪ್ಪು-ಬಿಳುಪಿನಲ್ಲಿ. ನಿಧಾನ ಎಂದರೇನು, ಅದು ಏಕೆ ಬೇಕು ಎಂಬುದನ್ನು ಒಂದೇ ತರಗತಿಯ ಅವಧಿಯಲ್ಲಿ ತೋರಿಸಬಹುದು. ಆದರೆ ಕೊನೆಯ ಭಾಗದಲ್ಲಿ ಹೆಣಗಳನ್ನು ಬುಲ್‌ಡೋಜರ್ ನೂಕುವ ನೈಜ ಚಿತ್ರಿಕೆಗಳಿವೆ. ಇದನ್ನು ಮೊದಲೇ ಹೇಳಲೇಬೇಕು, ತೀರಾ ಚಿಕ್ಕ ಮಕ್ಕಳಿಗೆ ತೋರಿಸಲೇಬಾರದು.

ಪ್ರತಿ, ಬೆಳಕು, ಧ್ವನಿ

ಡಿಸ್ಕ್ ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಸಿಗುವುದಿಲ್ಲ. ಆರರಿಂದ ಎಂಟು ವಾರ ಮುಂಚೆ ವಿತರಕರಿಗೆ ಬರೆಯಿರಿ. ಪತ್ರದಲ್ಲಿ ನಾಲ್ಕು ವಿಷಯ ಕೇಳಿ: ಯಾವ ಆವೃತ್ತಿ ಮತ್ತು ಎಷ್ಟು ನಿಮಿಷ, ಡಿಸಿಪಿ (ಚಿತ್ರಮಂದಿರದ ಸರ್ವರ್‌ನಲ್ಲಿ ಓಡುವ ಡಿಜಿಟಲ್ ಪ್ರತಿ) ಕೊಡುತ್ತೀರೋ ಸಾಮಾನ್ಯ ವಿಡಿಯೋ ಫೈಲ್ ಕೊಡುತ್ತೀರೋ, ಸಬ್‌ಟೈಟಲ್ ಯಾವ ಭಾಷೆಯಲ್ಲಿದೆ ಮತ್ತು ಅದು ಚಿತ್ರದೊಳಗೇ ಅಚ್ಚಾಗಿದೆಯೇ, ಬೀಗದ ಕೀಲಿ ಬೇಕೇ. ಬೀಗ ಹಾಕಿದ ಡಿಸಿಪಿಗೆ ಬರುವ ಕೀಲಿ, ಅಂದರೆ ಕೆಡಿಎಂ, ನಿಮ್ಮ ಸರ್ವರ್ ಒಂದಕ್ಕೇ ಮತ್ತು ನಿಗದಿತ ಅವಧಿಗೇ ತೆರೆದುಕೊಳ್ಳುತ್ತದೆ. ಅವಧಿಯಲ್ಲಿ ಹಿಂದಿನ ದಿನದ ಪರೀಕ್ಷಾ ಪ್ರದರ್ಶನವೂ ಸೇರಿರಬೇಕೆಂದು ಕೇಳಿಕೊಳ್ಳಿ. ಸಂಜೆಯ ಪ್ರದರ್ಶನಕ್ಕೆ ಮಧ್ಯಾಹ್ನ ಕೀಲಿ ತೆರೆದುಕೊಂಡರೆ, ಸಬ್‌ಟೈಟಲ್ ಬೇರೆ ಭಾಷೆಯದೆಂದು ಗೊತ್ತಾಗುವಷ್ಟರಲ್ಲಿ ಜನ ಬಾಗಿಲಲ್ಲಿರುತ್ತಾರೆ.

ಈ ಬಗೆಯ ಚಿತ್ರಗಳು ಬಹುಪಾಲು ಮಂದ ಬೆಳಕಿನವು, ಹಾಗಾಗಿ ಪರದೆಯ ಬೆಳಕನ್ನು ಊಹೆಗೆ ಬಿಡಬೇಡಿ. ಪರದೆಯ ಪ್ರಖರತೆಯನ್ನು ನಿಟ್ ಅಥವಾ ಫೂಟ್-ಲ್ಯಾಂಬರ್ಟ್‌ನಲ್ಲಿ ಅಳೆಯುತ್ತಾರೆ. ಚಿತ್ರಮಂದಿರದ ಮಾನದಂಡ ಪರದೆಯ ಮಧ್ಯದಲ್ಲಿ 48 ನಿಟ್, ಅಂದರೆ 14 ಫೂಟ್-ಲ್ಯಾಂಬರ್ಟ್. ಪ್ರೊಜೆಕ್ಟರಿನ ಕ್ಸೆನಾನ್ ದೀಪ ಹಳತಾದಂತೆ ಇದು ಸದ್ದಿಲ್ಲದೆ ಇಳಿಯುತ್ತದೆ. ಹಾಡು-ಹೊಡೆದಾಟದ ಚಿತ್ರದಲ್ಲಿ ಯಾರಿಗೂ ಗೊತ್ತಾಗದ ಆ ಇಳಿತ ಇಲ್ಲಿ ಅರ್ಧ ಚಿತ್ರವನ್ನೇ ನುಂಗುತ್ತದೆ. ಸಾಮಾನ್ಯ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇಟ್ಟು ತೋರಿಸುವುದಾದರೆ ಲೆಕ್ಕ ಸುಲಭ: ಪರದೆಯ ಚದರ ಮೀಟರನ್ನು 48ರಿಂದಲೂ 3.14ರಿಂದಲೂ ಗುಣಿಸಿ, ಪ್ರೊಜೆಕ್ಟರ್ ಹೊರಸೂಸಬೇಕಾದ ಒಟ್ಟು ಬೆಳಕು ಲ್ಯೂಮೆನ್‌ನಲ್ಲಿ ಸಿಗುತ್ತದೆ. 4 ಮೀಟರ್ ಅಗಲ, 2.25 ಮೀಟರ್ ಎತ್ತರದ ಸಾದಾ ಬಿಳಿ ಪರದೆಗೆ ಸುಮಾರು 1,360 ಲ್ಯೂಮೆನ್ ಬೇಕು. ಪೆಟ್ಟಿಗೆಯ ಮೇಲೆ ಬರೆದಿರುವ ಲ್ಯೂಮೆನ್ ಅತಿ ಪ್ರಖರ ಮೋಡ್‌ನದು. ಬಣ್ಣ ಸರಿಯಾಗಿ ಬರುವ ಸಿನಿಮಾ ಮೋಡ್‌ನಲ್ಲಿ ಅದು ಬಹಳ ಕಡಿಮೆಯಾಗುತ್ತದೆ. ಆದರೂ ಬಹುತೇಕ ಪ್ರೊಜೆಕ್ಟರ್‌ಗಳಿಗೆ ಇದು ಸಾಧ್ಯ. ಹೆಚ್ಚಿನ ಕಡೆ ಚಿತ್ರ ಕೆಡಿಸುವುದು ಕಿಟಕಿಯ ಸಂದಿಯ ಬೆಳಕು, ಬಾಗಿಲ ಮೇಲಿನ ದೀಪ, ಪರದೆಯ ಪಕ್ಕದ ಬಿಳಿಗೋಡೆ. ಪ್ರೊಜೆಕ್ಟರ್‌ಗೆ ಖರ್ಚು ಮಾಡುವ ಮೊದಲು ಕಪ್ಪು ಬಟ್ಟೆಗೆ ಖರ್ಚು ಮಾಡಿ.

ಫೋಕಸ್ ನೋಡುವಾಗ ಒಂದು ವಿಶೇಷ ಎಚ್ಚರಿಕೆ. ಲಾಸ್ಲೋ ನೆಮೆಶ್ ಅವರ 'ಸನ್ ಆಫ್ ಸೌಲ್' (2015) ಚಿತ್ರದಲ್ಲಿ ಕ್ಯಾಮೆರಾ ಶಿಬಿರದ ಕೈದಿಯೊಬ್ಬನ ಮುಖಕ್ಕೂ ಬೆನ್ನಿಗೂ ಅಂಟಿಕೊಂಡಿರುತ್ತದೆ. ಸುತ್ತಲಿನ ಕೊಲೆಗಳು ಮಸುಕಾಗಿ ಮಾತ್ರ ಕಾಣುತ್ತವೆ. ಅದು ಬೇಕೆಂದೇ ಮಾಡಿದ ಮಸುಕು. ನಿಮ್ಮ ಲೆನ್ಸ್ ಸ್ವಲ್ಪ ತಪ್ಪಿದ್ದರೂ ಮುಖವೂ ಮಸುಕಾಗಿ, ಎರಡರ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಚಿತ್ರದ ಯಾವುದೋ ಫ್ರೇಮ್ ಇಟ್ಟು ಫೋಕಸ್ ಮಾಡಬೇಡಿ. ಸಬ್‌ಟೈಟಲ್‌ನ ಅಂಚು ಅಥವಾ ಪರೀಕ್ಷಾ ನಮೂನೆಯನ್ನು ಪರದೆಯ ಹತ್ತಿರ ನಿಂತು ನೋಡಿ ಹೊಂದಿಸಿ, ನಾಲ್ಕು ಮೂಲೆಗಳನ್ನೂ ನೋಡಿ. ಇದೇ ಚಿತ್ರ ಚೌಕಾಕಾರಕ್ಕೆ ಹತ್ತಿರವಾದ 1.37 ಅನುಪಾತದ್ದು. 'ಪರದೆ ತುಂಬುತ್ತಿಲ್ಲ' ಎಂದು ಯಾರಾದರೂ ಜೂಮ್ ಒತ್ತಿದರೆ ತಲೆ ಮತ್ತು ಗಲ್ಲ ಕತ್ತರಿಸಿಹೋಗುತ್ತವೆ. ಪಕ್ಕದ ಕಪ್ಪು ಪಟ್ಟಿಗಳು ಹಾಗೇ ಇರಲಿ. ಟಿವಿಯಲ್ಲಿ ತೋರಿಸುವವರು ಚಲನೆಯನ್ನು ನುಣುಪಾಗಿಸುವ ಸೆಟ್ಟಿಂಗ್ ಅನ್ನು ಕಡ್ಡಾಯವಾಗಿ ಆಫ್ ಮಾಡಿ. ಸೆಕೆಂಡಿಗೆ 25 ಫ್ರೇಮ್‌ನ ಹಳೆಯ ಡಿಸ್ಕ್‌ಗಳು 24ರ ಚಿತ್ರವನ್ನು ಶೇ. 4ರಷ್ಟು ವೇಗವಾಗಿ ಓಡಿಸುತ್ತವೆ. ಎರಡು ಗಂಟೆಯ ಚಿತ್ರ 115 ನಿಮಿಷಕ್ಕೆ ಮುಗಿಯುತ್ತದೆ, ದನಿ ಕೊಂಚ ತಾರಕಕ್ಕೆ ಏರುತ್ತದೆ. ಬೇರೆ ಪ್ರತಿ ಸಿಗುವಾಗ ಇದನ್ನು ಬಳಸಬೇಡಿ.

ಧ್ವನಿಯ ಮಾತಿಗೆ ಬಂದರೆ, ಗೋಡೆಯಾಚೆಯ ಸದ್ದೇ ಕಥೆ ಹೇಳುವ ಚಿತ್ರಗಳಲ್ಲಿ ಅದು ಬೆಳಕಿಗಿಂತ ಮುಖ್ಯ. ಚಿತ್ರಮಂದಿರದ ಧ್ವನಿ ನಿಯಂತ್ರಕದಲ್ಲಿ 7 ಎಂಬುದು ಮಾನದಂಡ. ಚಿತ್ರದ ಧ್ವನಿ ಮಿಶ್ರಣ ಮಾಡಿದವರು ಆ ಮಟ್ಟದಲ್ಲಿ ಕೇಳಿಯೇ ಮಾಡಿರುತ್ತಾರೆ. ಜಾಹೀರಾತುಗಳ ಅಬ್ಬರಕ್ಕೆ ಹೆದರಿ ಅನೇಕ ಕಡೆ ಅದನ್ನು 5ಕ್ಕೆ ಇಳಿಸಿರುತ್ತಾರೆ. 4ರ ಮೇಲೆ ಪ್ರತಿ ಅಂಕಿಗೆ ಸುಮಾರು 3.3 ಡೆಸಿಬೆಲ್ ವ್ಯತ್ಯಾಸ, ಹಾಗಾಗಿ 5ಕ್ಕೆ ಇಳಿಸಿದರೆ ಹತ್ತಿರಹತ್ತಿರ 7 ಡೆಸಿಬೆಲ್ ಹೋಯಿತು. ದೂರದ ಕೂಗು, ರೈಲಿನ ಸದ್ದು, ಶಿಬಿರದ ಒಲೆಯ ಗುಡುಗು ಏರ್‌ಕಂಡೀಷನರ್‌ನ ಗುಂಯ್ ಸದ್ದಿನ ಕೆಳಗೆ ಮುಳುಗುತ್ತವೆ. 'ದಿ ಜೋನ್ ಆಫ್ ಇಂಟರೆಸ್ಟ್'ನಲ್ಲಿ ಆಗ ಉಳಿಯುವುದು ಒಂದು ಮನೆ, ಒಂದು ತೋಟ, ಏನೂ ನಡೆಯದ ಸಿನಿಮಾ. 'ಬೋರಾಯಿತು' ಎಂದು ಹೊರಬರುವವರು ಸತ್ಯವನ್ನೇ ಹೇಳುತ್ತಿರುತ್ತಾರೆ, ಅವರು ಕೇಳಿಸಿಕೊಂಡ ಚಿತ್ರ ಹಾಗೇ ಇತ್ತು. ಪರೀಕ್ಷೆಯ ದಿನ ಏರ್‌ಕಂಡೀಷನರ್ ಓಡುತ್ತಿರುವಾಗಲೇ ಹಿಂದಿನ ಸಾಲಿನಲ್ಲಿ ಕೂತು ಅತ್ಯಂತ ಸಣ್ಣ ಸದ್ದಿನ ದೃಶ್ಯ ಕೇಳಿ. ಕೇಳಿಸದಿದ್ದರೆ ಪ್ರದರ್ಶನಕ್ಕೆ ಮುಂಚೆ ಸಭಾಂಗಣವನ್ನು ಚೆನ್ನಾಗಿ ತಂಪು ಮಾಡಿ, ಚಿತ್ರ ಶುರುವಾದ ಮೇಲೆ ಫ್ಯಾನಿನ ವೇಗ ತಗ್ಗಿಸಿ.

ಸಬ್‌ಟೈಟಲ್

ಕನ್ನಡದಲ್ಲಿ ಸಬ್‌ಟೈಟಲ್ ಮಾಡಿಸಿ, ವಿತರಕರ ಲಿಖಿತ ಒಪ್ಪಿಗೆ ಪಡೆದು. ಇಂಗ್ಲಿಷ್ ಓದಬಲ್ಲವರು ಕೂಡ ಸಾಕ್ಷ್ಯದ ಮಾತನ್ನು ತಮ್ಮ ಭಾಷೆಯಲ್ಲಿ ಓದಿದಾಗ ಕಣ್ಣು ಬೇಗ ಬಿಡುವಾಗಿ ಮುಖದ ಕಡೆ ಹೋಗುತ್ತದೆ, ನಿಧಾನಗತಿಯ ಚಿತ್ರಕ್ಕೆ ಬೇಕಾದದ್ದೂ ಅದೇ. ಒಮ್ಮೆಗೆ ಎರಡೇ ಸಾಲು, ಸಾಲಿಗೆ 30 ಅಕ್ಷರದ ಆಸುಪಾಸು, ಕನಿಷ್ಠ ಒಂದು ಸೆಕೆಂಡ್, ಗರಿಷ್ಠ ಆರೇಳು ಸೆಕೆಂಡ್. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವಿನ ಅಂತರ ಹೆಚ್ಚಿಸಿ. ಬಿಳಿ ಅಕ್ಷರಕ್ಕೆ ತೆಳು ಕಪ್ಪು ಅಂಚಿರಲಿ, ಹಿಮದ ಬಯಲಿನ ಮೇಲೆ ಬರೀ ಬಿಳಿ ಅಕ್ಷರ ಕಾಣುವುದಿಲ್ಲ. ಫೈಲನ್ನು ಕನ್ನಡ ಅಕ್ಷರಗಳು ಕೆಡದಂತೆ ಉಳಿಸುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ. ಚಿತ್ರಮಂದಿರದ ಸರ್ವರ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆಂದು ನಂಬಿ ಕೂರಬೇಡಿ; ಅಕ್ಷರಗಳನ್ನು ಚಿತ್ರದೊಳಗೇ ಅಚ್ಚುಮಾಡಿಸುವುದು ಕ್ಷೇಮ. 'ರ್', 'ಕ್ಷ', 'ಸ್ತ್ರ' ಬರುವ ಐದು ಸಾಲುಗಳನ್ನು ಪರದೆಯ ಮೇಲೆ ಹಾಕಿ ನೋಡಿ ಸಾಕು, ದೋಷವಿದ್ದರೆ ಅಲ್ಲೇ ಸಿಗುತ್ತದೆ.

ಮೌನಗಳನ್ನು ಸಬ್‌ಟೈಟಲ್‌ನಿಂದ ತುಂಬಬೇಡಿ. ನಾತ್ಸಿಗಳು ನಡೆಸಿದ ಯಹೂದಿಗಳ ನರಮೇಧದ ಬಗ್ಗೆ ಕ್ಲೋಡ್ ಲಾನ್ಸ್‌ಮನ್ ಮಾಡಿದ ಒಂಬತ್ತು ಗಂಟೆ ಮೀರಿದ 'ಶೋವಾ' (1985) ಚಿತ್ರದಲ್ಲಿ ಹಳೆಯ ದಾಖಲೆಯ ಒಂದು ತುಣುಕೂ ಇಲ್ಲ, ಇರುವುದು ಸ್ಥಳಗಳು ಮತ್ತು ಮನುಷ್ಯರ ಮಾತು. ಪೋಲಿಷ್ ಅಥವಾ ಹೀಬ್ರೂವಿನಲ್ಲಿ ಸಾಕ್ಷಿ ಮಾತಾಡುತ್ತಾರೆ, ಅನುವಾದಕಿ ಅದನ್ನು ಫ್ರೆಂಚಿನಲ್ಲಿ ಹೇಳುತ್ತಾಳೆ, ಆ ಫ್ರೆಂಚ್ ಮಾತಿಗೆ ಸಬ್‌ಟೈಟಲ್ ಬರುತ್ತದೆ. ಅಷ್ಟು ಹೊತ್ತು ನಾವು ಅರ್ಥವಾಗದ ಭಾಷೆಯಲ್ಲಿ ಮುಖವನ್ನೇ ನೋಡುತ್ತಿರುತ್ತೇವೆ, ಲಾನ್ಸ್‌ಮನ್ ಕಾದಂತೆ ನಾವೂ ಕಾಯುತ್ತೇವೆ. ಕನ್ನಡ ಸಬ್‌ಟೈಟಲ್ ಮಾಡುವವರು ಸಹಾಯ ಮಾಡುವ ಉತ್ಸಾಹದಲ್ಲಿ ಸಾಕ್ಷಿ ಬಾಯಿ ತೆರೆದ ಕೂಡಲೇ ಅರ್ಥ ಹಾಕಿದರೆ ಆ ಕಾಯುವಿಕೆ ಹೋಯಿತು. ಅನುವಾದಕಿಯ ಮಾತಿನ ಹೊತ್ತಿಗೇ ಹಾಕಬೇಕು. ಇದನ್ನು ಮುನ್ನುಡಿಯಲ್ಲಿ ಒಂದು ವಾಕ್ಯದಲ್ಲಿ ತಿಳಿಸದಿದ್ದರೆ ಮೊದಲ ಕಾಲು ಗಂಟೆಯಲ್ಲೇ ಯಾರಾದರೂ ಎದ್ದು ಬಂದು ಸಬ್‌ಟೈಟಲ್ ನಿಂತಿದೆ ಎನ್ನುತ್ತಾರೆ.

ಹೊತ್ತು ಮತ್ತು ವಿರಾಮ

ರಾತ್ರಿಯ ಕೊನೆಯ ಆಟಕ್ಕೆ ಇಂಥ ಚಿತ್ರ ಹಾಕಬೇಡಿ. ಮಧ್ಯಾಹ್ನ ಮೂರು ಅಥವಾ ನಾಲ್ಕಕ್ಕೆ ಶುರು ಮಾಡಿದರೆ ಎರಡು ಗಂಟೆಯ ಚಿತ್ರ, ಬಿಡುವು, ಸಂವಾದ ಎಲ್ಲ ಮುಗಿದರೂ ಮನೆಗೆ ಹೋಗುವ ಅವಸರ ಯಾರಿಗೂ ಇರುವುದಿಲ್ಲ. ಎರಡೂಕಾಲು ಗಂಟೆಯವರೆಗಿನ ಚಿತ್ರವನ್ನು ವಿರಾಮವಿಲ್ಲದೆ ತೋರಿಸಿ. ಅದಕ್ಕಿಂತ ಉದ್ದವಾದರೆ, ನಿರ್ದೇಶಕರೇ ಗುರುತು ಮಾಡಿರುವ ವಿರಾಮ ಇದೆಯೇ ನೋಡಿ. ಸ್ಟೀವ್ ಮ್ಯಾಕ್‌ಕ್ವೀನ್ ಅವರ ನಾಲ್ಕು ಗಂಟೆ ಮೀರಿದ 'ಆಕ್ಯುಪೈಡ್ ಸಿಟಿ' (2023) ವಿರಾಮದೊಂದಿಗೇ ಬರುತ್ತದೆ. ಇಲ್ಲದಿದ್ದರೆ ನಿಮ್ಮ ಪಟ್ಟಿ ನೋಡಿ ದೃಶ್ಯ ಬದಲಾಗುವ ಜಾಗ ಆರಿಸಿ, ವಿತರಕರನ್ನು ಕೇಳಿ. ಸಾಕ್ಷ್ಯದ ನಡುವೆ ಎಂದೂ ನಿಲ್ಲಿಸಬಾರದು.

ವಿರಾಮದ ಉದ್ದವನ್ನು ಶೌಚಾಲಯ ನಿರ್ಧರಿಸುತ್ತದೆ. 80 ಜನ, 4 ಶೌಚಾಲಯ, ಒಬ್ಬರಿಗೆ ಎರಡು ನಿಮಿಷ. ಅರ್ಧದಷ್ಟು ಜನ ಹೋದರೂ 20 ನಿಮಿಷ ಬೇಕು. ಹತ್ತು ನಿಮಿಷ ಎಂದು ಘೋಷಿಸಿ ಚಿತ್ರ ಶುರು ಮಾಡಿದರೆ ಸಾಲಿನಲ್ಲಿ ನಿಂತವರು ಕೋಪದಿಂದ ಒಳಬರುತ್ತಾರೆ, ಕತ್ತಲಲ್ಲಿ ತಡವರಿಸುತ್ತಾರೆ, ಎಲ್ಲರ ಗಮನವೂ ಒಡೆಯುತ್ತದೆ. 'ಶೋವಾ'ದಂಥ ಚಿತ್ರವನ್ನು ಒಂದೇ ದಿನ ಮುಗಿಸುವ ಹಟ ಬೇಡ. ಅದು ಎರಡು ಭಾಗಗಳಲ್ಲೇ ಇದೆ. ಎರಡು ದಿನ, ದಿನಕ್ಕೊಂದು ಭಾಗ, ಪ್ರತಿ ಭಾಗದ ಮಧ್ಯದಲ್ಲಿ ಊಟದಷ್ಟು ದೊಡ್ಡ ಬಿಡುವು.

ತಡವಾಗಿ ಬಂದವರನ್ನು ಮೊದಲ ಹತ್ತು ನಿಮಿಷ ಹೊರಗೇ ನಿಲ್ಲಿಸಿ, ಆಮೇಲೆ ಹಿಂದಿನ ಸಾಲಿಗೆ ಮಾತ್ರ ಬಿಡಿ. ಹೊರಹೋಗುವವರನ್ನು ಎಂದೂ ತಡೆಯಬೇಡಿ. ಬಾಗಿಲಿಗೆ ಹತ್ತಿರದ, ನಡುದಾರಿಯ ಪಕ್ಕದ ನಾಲ್ಕೈದು ಆಸನಗಳನ್ನು ಕಾದಿರಿಸಿ, ಹೊರಗೊಂದು ಶಾಂತವಾದ ಕೋಣೆ, ನೀರು, ಮತ್ತು ಅಲ್ಲೇ ಕೂತಿರುವ ಒಬ್ಬರು ಇರಲಿ. ಅವರು ಸಮಾಧಾನ ಹೇಳಬೇಕಿಲ್ಲ, ಇದ್ದರೆ ಸಾಕು.

ಮುನ್ನುಡಿ: ಐದು ನಿಮಿಷ

ಪ್ರವೇಶದ ಹೊತ್ತಿಗೇ ಒಂದು ಹಾಳೆ ಕೊಡಿ, ದೀಪ ಆರುವ 20 ನಿಮಿಷ ಮುಂಚೆ. ಒಂದು ಬದಿ ನಕ್ಷೆ, ಇನ್ನೊಂದು ಬದಿ ಆರೇಳು ಇಸವಿಗಳು ಮತ್ತು ಚಿತ್ರದಲ್ಲಿ ಬರುವ ಸಂಸ್ಥೆ, ಸ್ಥಳಗಳ ಹೆಸರು. ವಿಮರ್ಶಕರ ಹೊಗಳಿಕೆ ಬೇಡ.

ವೇದಿಕೆಯ ಮೇಲಿನಿಂದ ಹೇಳಬೇಕಾದ್ದು: ಚಿತ್ರ ಎಷ್ಟು ನಿಮಿಷ, ವಿರಾಮ ಯಾವಾಗ, ಯಾವ ಭಾಷೆಗಳಿವೆ. ಎಲ್ಲಿ, ಯಾವಾಗ, ಯಾರು ಯಾರನ್ನು ಕೊಂದರು. ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ. ಕಪ್ಪು ಪರದೆಯಂಥ ಅಸಾಮಾನ್ಯ ಸಂಗತಿ ಏನಿದೆ. ಎದ್ದು ಹೋಗಬಹುದು, ಮತ್ತೆ ಬರಬಹುದು. ಅಷ್ಟೇ. 'ಸೂಕ್ಷ್ಮ ಮನಸ್ಸಿನವರು ಎಚ್ಚರ' ಎಂಬ ಸಾಮಾನ್ಯ ಎಚ್ಚರಿಕೆ ಯಾರಿಗೂ ಉಪಯೋಗವಿಲ್ಲ; 'ಕೊನೆಯ ಹತ್ತು ನಿಮಿಷದಲ್ಲಿ ಹೆಣಗಳ ನೈಜ ದೃಶ್ಯವಿದೆ' ಎಂದರೆ ಉಪಯೋಗವಿದೆ. 'ಇದು ನಿಧಾನಗತಿಯ ಚಿತ್ರ, ತಾಳ್ಮೆ ಬೇಕು' ಎಂದು ಕ್ಷಮೆ ಕೇಳುವ ದನಿಯಲ್ಲಿ ಹೇಳುವುದನ್ನು ದಯವಿಟ್ಟು ಬಿಟ್ಟುಬಿಡಿ, ಪ್ರೇಕ್ಷಕರು ಆ ಕ್ಷಣದಿಂದಲೇ ಗಡಿಯಾರ ನೋಡಲು ಶುರು ಮಾಡುತ್ತಾರೆ. ಏನನ್ನು ಅನುಭವಿಸಬೇಕೆಂದೂ ಹೇಳಬೇಡಿ. ಅದರ ಬದಲು ಗಮನಿಸಲು ಒಂದೇ ಒಂದು ವಸ್ತು ಕೊಡಿ: 'ಕ್ಯಾಮೆರಾ ಎಲ್ಲೆಲ್ಲಿ ಬಾಗಿಲ ಹೊರಗೇ ನಿಲ್ಲುತ್ತದೆ ನೋಡಿ.'

ದೀಪ ಹೊತ್ತಿದ ಮೇಲೆ

ಚಿತ್ರದ ಕೊನೆಯ ಹೆಸರುಗಳು ಪೂರ್ತಿ ಹೋಗುವ ತನಕ ದೀಪ ಹಾಕಬಾರದು. 'ದಿ ಆಕ್ಟ್ ಆಫ್ ಕಿಲ್ಲಿಂಗ್'ನಲ್ಲಿ ಕೆಲಸ ಮಾಡಿದ ಅನೇಕರ ಹೆಸರಿನ ಜಾಗದಲ್ಲಿ 'ಅನಾಮಧೇಯ' ಎಂದಷ್ಟೇ ಬರುತ್ತದೆ, ಪ್ರಾಣಭಯದಿಂದ. ಆ ಪಟ್ಟಿಯೇ ಚಿತ್ರದ ಕೊನೆಯ ಸಾಕ್ಷ್ಯ. ಸ್ವಯಂಚಾಲಿತವಾಗಿ ದೀಪ ಹೊತ್ತುವ ವ್ಯವಸ್ಥೆ ಇದ್ದರೆ ಆ ಸೂಚನೆಯನ್ನು ಮುಂಚೆಯೇ ಬದಲಿಸಿ.

ಆಮೇಲೆ ಹತ್ತು ನಿಮಿಷ ಮಂದ ಬೆಳಕು, ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಹೋಗುವವರು ಹೋಗಲಿ. ಉಳಿದವರನ್ನು ಆರೆಂಟು ಜನರ ಗುಂಪುಗಳಲ್ಲಿ ಕೂರಿಸಿದರೆ ವೇದಿಕೆಯ ಭಾಷಣಕ್ಕಿಂತ ಎಷ್ಟೋ ಮೇಲು. 'ಚಿತ್ರ ಹೇಗನ್ನಿಸಿತು' ಎಂದು ಕೇಳಿದರೆ 'ತುಂಬಾ ಚೆನ್ನಾಗಿತ್ತು' ಅಥವಾ ಮೌನ ಸಿಗುತ್ತದೆ. ಕೆಲಸ ಮಾಡುವ ಪ್ರಶ್ನೆಗಳು ನಿರ್ದಿಷ್ಟವಾಗಿರುತ್ತವೆ: ಯಾವ ಶಾಟ್ ಅತಿ ಉದ್ದ ಅನ್ನಿಸಿತು? ಆಗ ನೀವು ಏನನ್ನು ನೋಡುತ್ತಿದ್ದಿರಿ? ಎಲ್ಲಿ ಕಣ್ಣು ತಪ್ಪಿಸಿದಿರಿ? 'ಬೇಸರವಾಯಿತು' ಎಂದವರಿಗೆ ಪಾಠ ಹೇಳಬೇಡಿ, ಎಲ್ಲಿಂದ ಬೇಸರ ಶುರುವಾಯಿತು ಎಂದು ಕೇಳಿ. ಆ ಉತ್ತರದಲ್ಲಿ ಚಿತ್ರದ ಬಗ್ಗೆ ಒಳ್ಳೆಯ ವಿಮರ್ಶೆ ಇರುತ್ತದೆ. 'ಶೋವಾ'ದಲ್ಲಿ ಟ್ರೆಬ್ಲಿಂಕಾ ಹತ್ಯಾ ಶಿಬಿರದಿಂದ ಬದುಕಿ ಬಂದ ಕ್ಷೌರಿಕ ಮಾತು ನಿಲ್ಲಿಸಿಬಿಟ್ಟಾಗ ಲಾನ್ಸ್‌ಮನ್ ಬಿಡದೆ ಮುಂದುವರಿಸಲು ಒತ್ತಾಯಿಸುತ್ತಾರೆ. ಅದು ಸರಿಯೇ ಎಂಬ ಒಂದೇ ಪ್ರಶ್ನೆಗೆ ನಲವತ್ತು ನಿಮಿಷ ಸಾಲದಾಗಬಹುದು. ಆದರೂ ನಲವತ್ತಕ್ಕೆ ನಿಲ್ಲಿಸಿ.

ಎರಡು ನಿಯಮ ಮೊದಲೇ ಹೇಳಿ. ಹತ್ಯಾಕಾಂಡ ನಡೆಯಿತೇ ಇಲ್ಲವೇ ಎಂಬುದು ಇಲ್ಲಿ ಚರ್ಚೆಯ ವಿಷಯವಲ್ಲ. ಯಾರಾದರೂ ನಿರಾಕರಿಸಿದರೆ ನಡೆಸಿಕೊಡುವವರು ಒಂದು ವಾಕ್ಯದಲ್ಲಿ ಸಂಗತಿ ಹೇಳಿ ಮುಂದಿನವರಿಗೆ ಮಾತು ಕೊಡುತ್ತಾರೆ. ಹಾಗೆಯೇ, ಸಭೆಯಲ್ಲಿ ಬದುಕುಳಿದವರೋ ಅವರ ಮಕ್ಕಳೋ ಇದ್ದರೆ ಅವರಾಗಿ ಕೈ ಎತ್ತದ ಹೊರತು 'ನಿಮ್ಮ ಅನುಭವ ಹೇಳಿ' ಎನ್ನಬಾರದು.

ಮಾತಿಗೆ ವ್ಯವಸ್ಥೆ ಮಾಡುವುದರ ಬೆಲೆ ಏನೆಂಬುದಕ್ಕೆ ಪಶ್ಚಿಮ ಜರ್ಮನಿಯ 1979ರ ಜನವರಿ ಸಾಕ್ಷಿ. ಯಹೂದಿಗಳ ನರಮೇಧದ ಕಥೆ ಹೇಳುವ ಅಮೆರಿಕದ 'ಹಾಲೋಕಾಸ್ಟ್' ಎಂಬ ಟಿವಿ ಧಾರಾವಾಹಿ ಅಲ್ಲಿ ಪ್ರಸಾರವಾಯಿತು. ಅದು ಕಲಾತ್ಮಕವೂ ಅಲ್ಲ, ನಿಧಾನವೂ ಅಲ್ಲ. ಭಾವಾತಿರೇಕದ ಕಥೆ ಎಂದು ಟೀಕೆಗೊಳಗಾಗಿತ್ತು. ಸುಮಾರು 2 ಕೋಟಿ ಜನ ನೋಡಿದರು. ಪ್ರತಿ ಕಂತಿನ ನಂತರ ಇತಿಹಾಸಕಾರರು ಸ್ಟುಡಿಯೋದಲ್ಲಿ ಕೂತು ವೀಕ್ಷಕರ ಫೋನ್ ಕರೆಗಳಿಗೆ ಉತ್ತರಿಸಿದರು, ಸಾವಿರಾರು ಕರೆಗಳು ಬಂದವು. ಅದೇ ವರ್ಷದ ಜುಲೈನಲ್ಲಿ ಕೊಲೆ ಅಪರಾಧಕ್ಕೆ, ನಾತ್ಸಿಗಳ ಕೊಲೆಗಳಿಗೂ ಸೇರಿ, ಮೊಕದ್ದಮೆ ಹೂಡಲು ಇದ್ದ ಕಾಲಮಿತಿಯನ್ನು ಅಲ್ಲಿನ ಸಂಸತ್ತು ತೆಗೆದುಹಾಕಿತು. ಆ ತೀರ್ಮಾನಕ್ಕೆ ಧಾರಾವಾಹಿಯೊಂದೇ ಕಾರಣವಲ್ಲ, ಆದರೆ ಅದು ಎಬ್ಬಿಸಿದ ಚರ್ಚೆ ಒಂದು ಕಾರಣ. ನಿಧಾನಗತಿಯ ಚಿತ್ರ ತೋರಿಸುವವರು ಆ ಧಾರಾವಾಹಿಯ ಶೈಲಿ ಕಲಿಯಬೇಕಿಲ್ಲ, ಆ ಫೋನ್‌ಗಳನ್ನು ಕಲಿಯಬೇಕು.

ತಲುಪಿತೇ ಎಂದು ತಿಳಿಯುವುದು

ಟಿಕೆಟ್ ಲೆಕ್ಕ ಸಾಲದು, ಕಣ್ಣೀರಿನ ಲೆಕ್ಕವೂ ಸಾಲದು. ಮೂರು ಸಲ ತಲೆ ಎಣಿಸಿ: ಆರಂಭದಲ್ಲಿ, ನಲವತ್ತನೇ ನಿಮಿಷದಲ್ಲಿ, ಕೊನೆಯಲ್ಲಿ. ಯಾರಾದರೂ ಹೊರಟರೆ ಆ ಸಮಯವನ್ನು ಬಾಗಿಲಲ್ಲಿರುವವರು ಬರೆದುಕೊಳ್ಳಲಿ. ಹೊರಟವರೆಲ್ಲ ಮೊದಲ ಅರ್ಧ ಗಂಟೆಯಲ್ಲೇ ಹೋಗಿದ್ದರೆ ದೋಷ ಪ್ರಚಾರದಲ್ಲಿ ಅಥವಾ ಮುನ್ನುಡಿಯಲ್ಲಿದೆ, ಅವರು ಬೇರೇನನ್ನೋ ನಿರೀಕ್ಷಿಸಿ ಬಂದಿದ್ದರು. ಉದ್ದಕ್ಕೂ ಒಬ್ಬೊಬ್ಬರಾಗಿ ಹೋಗಿದ್ದರೆ ಸೆಖೆ, ಆಸನ, ಸಬ್‌ಟೈಟಲ್, ಧ್ವನಿ ನೋಡಿ. ಒಂದೇ ದೃಶ್ಯಕ್ಕೆ ಹಲವರು ಒಟ್ಟಿಗೆ ಎದ್ದಿದ್ದರೆ ಚಿತ್ರ ಅವರನ್ನು ತಲುಪಿಯೇ ಇದೆ. ಮುಂದಿನ ಸಲ ಆ ದೃಶ್ಯದ ಬಗ್ಗೆ ಮೊದಲೇ ತಿಳಿಸಬೇಕು.

ಹೊರಡುವಾಗ ಒಂದು ಕಾರ್ಡ್ ಕೊಡಿ, ಎರಡೇ ಪ್ರಶ್ನೆ: ಇಂದು ನೋಡಿದ್ದು ಎಲ್ಲಿ, ಯಾವಾಗ ನಡೆದದ್ದು? ನಿಮಗೆ ಇನ್ನೂ ತಿಳಿಯಬೇಕಿರುವುದು ಏನು? ಮೊದಲನೆಯದಕ್ಕೆ ತಪ್ಪು ಉತ್ತರ ಹೆಚ್ಚಾಗಿ ಬಂದರೆ, ಸಭಾಂಗಣ ಎಷ್ಟೇ ತುಂಬಿದ್ದರೂ ಚಿತ್ರ ತಲುಪಿಲ್ಲ. ಸಂಪರ್ಕ ಬರೆದುಕೊಟ್ಟವರಿಗೆ ಎರಡು ವಾರದ ನಂತರ ಒಂದು ಸಂದೇಶ ಕಳಿಸಿ: ಈ ಚಿತ್ರದ ಬಗ್ಗೆ ಯಾರ ಜತೆಯಾದರೂ ಮಾತಾಡಿದಿರಾ, ಯಾವ ದೃಶ್ಯದ ಬಗ್ಗೆ? ನಿಧಾನಗತಿಯ ಚಿತ್ರಗಳ ಪರಿಣಾಮ ಆ ಸಂಜೆ ಕಾಣುವುದು ಕಡಿಮೆ. ಕಾವಲುಗಾರನ ಖಾಲಿ ಕೋಣೆಯನ್ನು ಎರಡು ವಾರದ ಮೇಲೆ ಯಾರಾದರೂ ವಿವರವಾಗಿ ಹೇಳಬಲ್ಲರಾದರೆ, ಆ ದೃಶ್ಯಕ್ಕೆ ಕೊಟ್ಟ ಹೊತ್ತು ವ್ಯರ್ಥವಾಗಿಲ್ಲ.

ಬಂದ ಉತ್ತರಗಳನ್ನು ನಿಮ್ಮ ಮೂರು ಕಾಲಂಗಳ ಪಟ್ಟಿಗೆ ಸೇರಿಸಿ ಇಟ್ಟುಕೊಳ್ಳಿ, ಅದೇ ಚಿತ್ರ ತೋರಿಸುವ ಇನ್ನೊಂದು ತಂಡಕ್ಕೂ ಕಳಿಸಿ. ಸಾಧ್ಯವಿದ್ದರೆ ಮೂರು ನಾಲ್ಕು ವಾರದೊಳಗೆ ಅದೇ ಚಿತ್ರವನ್ನು ಮತ್ತೊಮ್ಮೆ ಹಾಕಿ. ಮೊದಲ ಸಲ ನಡುವೆ ಎದ್ದು ಹೋದವರಿಗೆ ಹೆಸರು ಹಿಡಿದು ಆಹ್ವಾನ ಕಳಿಸಬೇಡಿ, ಮುಜುಗರವಾಗುತ್ತದೆ. ಎಲ್ಲರಿಗೂ ಹೋಗುವ ಪ್ರಕಟಣೆಯಲ್ಲಿ 'ಕಳೆದ ಸಲ ಪೂರ್ತಿ ನೋಡಲಾಗದವರಿಗೂ ಸ್ವಾಗತ, ಟಿಕೆಟ್ ಬೇಕಿಲ್ಲ' ಎಂಬ ಒಂದು ಸಾಲು ಸೇರಿಸಿ.